ಠರಾವಿನಿಂದ ಹೆಸರಿನವರೆಗೆ: ಮರಾಠವಾಡ ವಿಶ್ವವಿದ್ಯಾಲಯ ಮತ್ತು ಅಂಬೇಡ್ಕರ್, ಒಂದು ಪ್ರಕರಣ ಅಧ್ಯಯನ

ಔರಂಗಾಬಾದಿನ ಮರಾಠವಾಡ ವಿಶ್ವವಿದ್ಯಾಲಯಕ್ಕೆ ಡಾ. ಬಾಬಾಸಾಹೇಬ್ ಅಂಬೇಡ್ಕರ್ ಅವರ ಹೆಸರಿಡಬೇಕು ಎಂದು ಮಹಾರಾಷ್ಟ್ರ ವಿಧಾನಮಂಡಲದ ಎರಡೂ ಸದನಗಳು ಠರಾವು ಪಾಸು ಮಾಡಿದ್ದು 1978ರ ಜುಲೈ 27ರಂದು. ಹೆಸರು ನಿಜವಾಗಿ ಬಂದದ್ದು 1994ರ ಜನವರಿ 14ರಂದು. ನಡುವೆ ಹದಿನೈದೂವರೆ ವರ್ಷ. ಆ ವರ್ಷಗಳಲ್ಲಿ ಕೇರಿಗಳು ಸುಟ್ಟವು, ಜನ ಸತ್ತರು, ಸಾವಿರಾರು ಮಂದಿ ಜೈಲಿಗೆ ಹೋದರು. ಒಂದು ವಿಶ್ವವಿದ್ಯಾಲಯದ ಫಲಕದ ಮೇಲೆ ಸಂವಿಧಾನ ಕರಡು ಸಮಿತಿಯ ಅಧ್ಯಕ್ಷರ ಹೆಸರು ಬರೆಸಲು ಇಷ್ಟೆಲ್ಲ ಆಗಬೇಕಾಯಿತು.

ಈ ಪ್ರಕರಣವನ್ನು ಓದುವವರು ಸಾಮಾನ್ಯವಾಗಿ ಎರಡು ಗುಂಪಾಗುತ್ತಾರೆ. "ಹೆಸರಲ್ಲೇನಿದೆ, ಅದಕ್ಕಾಗಿ ಇಷ್ಟು ಜೀವ ಹೋಗಬೇಕಿತ್ತಾ" ಎನ್ನುವವರು ಒಂದು ಕಡೆ. "ಹೆಸರೇ ಎಲ್ಲ" ಎನ್ನುವವರು ಇನ್ನೊಂದು ಕಡೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಹೆಸರು ಕೇಳಿದ್ದು ಸರಿ, ಠರಾವು ಮಾಡಿದ್ದೂ ಸರಿ. ಠರಾವು ಮಾಡಿದ ಸರ್ಕಾರ ಹಳ್ಳಿಗಳ ಕಡೆ ನೋಡದೆ ಕೂತದ್ದು ತಪ್ಪು. ಗಲಭೆಗೆ ಹೆದರಿ ಠರಾವನ್ನೇ ಕಪಾಟಿಗೆ ಸೇರಿಸಿದ್ದು ಅದಕ್ಕಿಂತ ದೊಡ್ಡ ತಪ್ಪು.

ಔರಂಗಾಬಾದ್ ಯಾಕೆ, ಅಂಬೇಡ್ಕರ್ ಯಾಕೆ

ಮರಾಠವಾಡ ಅಂದರೆ ನಿಜಾಮನ ಹೈದರಾಬಾದ್ ಸಂಸ್ಥಾನದ ಮರಾಠಿ ಜಿಲ್ಲೆಗಳು. ನಮ್ಮ ಬೀದರ್, ಕಲಬುರಗಿ, ರಾಯಚೂರು ಕೂಡ 1956ರವರೆಗೆ ಅದೇ ಹೈದರಾಬಾದಿಗೆ ಸೇರಿದ್ದವು. ಹಾಗಾಗಿ ಕಲ್ಯಾಣ ಕರ್ನಾಟಕದ ಓದುಗರಿಗೆ ಅಲ್ಲಿನ ಪರಿಸ್ಥಿತಿಯನ್ನು ಹೆಚ್ಚು ವಿವರಿಸಬೇಕಿಲ್ಲ. ಶಾಲೆ ಕಡಿಮೆ, ನೀರು ಕಡಿಮೆ, ಜಮೀನು ಕೆಲವರ ಕೈಯಲ್ಲಿ. ಡಿಗ್ರಿ ಬೇಕೆಂದರೆ ದೂರದ ಹೈದರಾಬಾದಿಗೆ ಹೋಗಬೇಕು. ಅಲ್ಲಿನ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಪಾಠ ನಡೆಯುತ್ತಿದ್ದದ್ದು ಉರ್ದುವಿನಲ್ಲಿ. ಮೇಲ್ಜಾತಿಯ ಹುಡುಗರಿಗೇ ಕಷ್ಟವಿದ್ದ ಈ ದಾರಿಯಲ್ಲಿ ಮಹಾರ್ ಎಂಬ ದಲಿತ ಜಾತಿಯ ಕೂಲಿಯವರ ಮಗ ಹೇಗೆ ಹೋಗಿಯಾನು?

ಅಂಬೇಡ್ಕರ್ 1945ರಲ್ಲಿ ಪೀಪಲ್ಸ್ ಎಜುಕೇಶನ್ ಸೊಸೈಟಿ ಕಟ್ಟಿದರು. 1946ರಲ್ಲಿ ಮುಂಬೈಯಲ್ಲಿ ಸಿದ್ಧಾರ್ಥ ಕಾಲೇಜು ತೆರೆದರು. ಆಮೇಲೆ ಅವರು ಹುಡುಕಿದ್ದು ಪುಣೆಯನ್ನಲ್ಲ, ನಾಗಪುರವನ್ನಲ್ಲ, ಔರಂಗಾಬಾದನ್ನು. 1950ರಲ್ಲಿ ಅಲ್ಲಿ ಶುರುವಾದ ಕಾಲೇಜೇ ಮುಂದೆ ಮಿಲಿಂದ ಮಹಾವಿದ್ಯಾಲಯ ಎಂದು ಹೆಸರಾಯಿತು. 1951ರಲ್ಲಿ ಅದರ ಕಟ್ಟಡಕ್ಕೆ ಅಡಿಗಲ್ಲು ಹಾಕಲು ಬಂದವರು ರಾಷ್ಟ್ರಪತಿ ರಾಜೇಂದ್ರ ಪ್ರಸಾದ್. ಭಿಕ್ಷು ನಾಗಸೇನನಿಗೆ ಎದುರು ಕೂತು ಪ್ರಶ್ನೆ ಕೇಳಿದ ಯವನ ರಾಜ ಮಿಲಿಂದ. ಕಾಲೇಜಿಗೆ ರಾಜನ ಹೆಸರು, ಸುತ್ತಲಿನ ಆವರಣಕ್ಕೆ ನಾಗಸೇನವನ ಎಂಬ ಹೆಸರು. ಪ್ರಶ್ನೆ ಕೇಳುವುದನ್ನು ಕಲಿಸುವ ಜಾಗ ಅದು ಎಂಬುದು ಹೆಸರಿನಲ್ಲೇ ಇತ್ತು.

ಮರಾಠವಾಡ ವಿಶ್ವವಿದ್ಯಾಲಯ ಬಂದದ್ದು ಈ ಕಾಲೇಜು ಶುರುವಾದ ಎಂಟು ವರ್ಷಗಳ ನಂತರ. 1958ರ ಆಗಸ್ಟ್ 23ರಂದು ನೆಹರೂ ಅದನ್ನು ಉದ್ಘಾಟಿಸಿದರು. ಅಂಬೇಡ್ಕರ್ ಅದನ್ನು ನೋಡಲಿಲ್ಲ, 1956ರ ಡಿಸೆಂಬರ್ 6ರಂದೇ ತೀರಿಕೊಂಡಿದ್ದರು. ಆದರೆ ಆ ಪ್ರದೇಶದಲ್ಲಿ ಉನ್ನತ ಶಿಕ್ಷಣದ ಬೀಜ ಬಿತ್ತಿದವರು ಯಾರು ಎಂದು ಕೇಳಿದರೆ ಅವರ ಹೆಸರು ಬಾರದೆ ಇರುವುದಿಲ್ಲ. ನಾಮಾಂತರ ಕೇಳಿದವರ ಮುಖ್ಯ ವಾದವೂ ಇದೇ ಆಗಿತ್ತು. ಎಲ್ಲೋ ಇರುವ ನಾಯಕನ ಹೆಸರನ್ನು ತಂದು ಅಂಟಿಸಿ ಎಂದು ಅವರು ಕೇಳಲಿಲ್ಲ. ಈ ಊರಿಗೆ ಕಾಲೇಜು ತಂದವರ ಹೆಸರಿಡಿ ಎಂದು ಕೇಳಿದರು.

ಇಲ್ಲಿ ಒಂದು ಸಂಗತಿ ನೆನಪಿಸಬೇಕು. ನಿಜಾಮರು ಕಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾಲಯ 1953ರಲ್ಲೇ ಅಂಬೇಡ್ಕರರಿಗೆ ಗೌರವ ಡಾಕ್ಟರೇಟ್ ಕೊಟ್ಟಿತ್ತು. ಅದರ ಹಿಂದಿನ ವರ್ಷ, 1952ರಲ್ಲಿ, ಅಮೆರಿಕದ ಕೊಲಂಬಿಯಾ ಕೊಟ್ಟಿತ್ತು. ಬದುಕಿದ್ದಾಗಲೇ ಅವರನ್ನು ಗೌರವಿಸಿದ ವಿಶ್ವವಿದ್ಯಾಲಯಗಳು ಇದ್ದವು. ಅಲ್ಲೆಲ್ಲೂ ಬೆಂಕಿ ಬೀಳಲಿಲ್ಲ.

ಕ್ಯಾಂಪಸ್ಸಿನ ಒಳಗೆ

1960 ಮತ್ತು 70ರ ದಶಕದಲ್ಲಿ ಮಿಲಿಂದದ ಹಾಸ್ಟೆಲುಗಳಲ್ಲಿ ಒಂದು ಹೊಸ ಪೀಳಿಗೆ ಬೆಳೆಯಿತು. ಮನೆಯಲ್ಲಿ ಮೊದಲ ಬಾರಿಗೆ ಅಕ್ಷರ ಕಲಿತವರು. ಹಳ್ಳಿಯಲ್ಲಿ ಸತ್ತ ದನ ಹೊರುವುದನ್ನು ಅಪ್ಪಂದಿರು ಬಿಟ್ಟಿದ್ದರು, ಮಕ್ಕಳು ಕಾಲೇಜಿಗೆ ಬಂದಿದ್ದರು. ಮರಾಠಿ ದಲಿತ ಸಾಹಿತ್ಯ ಬೆಳೆದ ಮುಖ್ಯ ಜಾಗಗಳಲ್ಲಿ ಇದೂ ಒಂದು. ಮಿಲಿಂದದಲ್ಲಿ ಪಾಠ ಮಾಡುತ್ತಿದ್ದ ಎಂ. ಎನ್. ವಾಂಖೆಡೆ ಮತ್ತು ಗಂಗಾಧರ ಪಾನತಾವಣೆ ಅದಕ್ಕೆ ವೇದಿಕೆ ಕಟ್ಟಿದರು. ಪಾನತಾವಣೆಯವರ 'ಅಸ್ಮಿತಾದರ್ಶ' ಪತ್ರಿಕೆ ದಶಕಗಳ ಕಾಲ ಹೊಸ ಬರಹಗಾರರನ್ನು ಬೆಳೆಸಿತು. ಮುಂದೆ ಅವರು ಮರಾಠವಾಡ ವಿಶ್ವವಿದ್ಯಾಲಯದಲ್ಲೇ ಪ್ರಾಧ್ಯಾಪಕರಾದರು.

ನನ್ನ ಮಟ್ಟಿಗೆ ಈ ಪ್ರಕರಣದ ಜೀವಾಳ ಇಲ್ಲಿದೆ. ಸರ್ಕಾರ ಠರಾವು ಬರೆಯುವ ಎಷ್ಟೋ ವರ್ಷ ಮೊದಲೇ ಈ ಹುಡುಗರು, ಈ ಮೇಷ್ಟರು ಅಂಬೇಡ್ಕರರನ್ನು ಗೌರವಿಸುತ್ತಿದ್ದರು. ಓದುವ ಮೂಲಕ, ಬರೆಯುವ ಮೂಲಕ, ಊರಿನ ಬಿಟ್ಟಿ ಚಾಕರಿಗೆ ಇಲ್ಲ ಎನ್ನುವ ಮೂಲಕ. ಹೆಸರಿನ ಬೇಡಿಕೆ ಬಂದದ್ದು ಇವರಿಂದ. 1972ರಲ್ಲಿ ಮುಂಬೈಯಲ್ಲಿ ಹುಟ್ಟಿದ ದಲಿತ ಯುವಕರ ಸಂಘಟನೆ ದಲಿತ ಪ್ಯಾಂಥರ್ಸ್ ಅದಕ್ಕೆ ದೊಡ್ಡ ದನಿ ಕೊಟ್ಟಿತು.

1977ರಲ್ಲಿ ಬೇಡಿಕೆ ಜೋರಾಯಿತು. ಆಗಿನ ಮುಖ್ಯಮಂತ್ರಿ ವಸಂತದಾದಾ ಪಾಟೀಲರು ಭರವಸೆ ಕೊಟ್ಟರು. ವಿಶ್ವವಿದ್ಯಾಲಯದ ಕಾರ್ಯಕಾರಿ ಮಂಡಳಿಯೂ ಒಪ್ಪಿತ್ತು. ಶುರುವಿನಲ್ಲಿ ದಲಿತೇತರ ವಿದ್ಯಾರ್ಥಿ ಸಂಘಟನೆಗಳಲ್ಲೂ ಕೆಲವು ಬೆಂಬಲಕ್ಕಿದ್ದವು. ಅಂದರೆ ಕ್ಯಾಂಪಸ್ಸಿನೊಳಗೆ ಮಾತುಕತೆಗೆ ಜಾಗವಿತ್ತು. ಆ ಜಾಗವನ್ನು ಬಳಸಿ ಹಳ್ಳಿಯವರೆಗೆ ವಿಷಯ ಮುಟ್ಟಿಸುವ ಕೆಲಸ ಮಾತ್ರ ಯಾರ ಜವಾಬ್ದಾರಿಯೂ ಆಗಲಿಲ್ಲ.

ಒಂಬತ್ತು ದಿನದ ಸರ್ಕಾರ

1978ರ ಜುಲೈ 18ರಂದು ವಸಂತದಾದಾ ಸರ್ಕಾರ ಬಿದ್ದು ಶರದ್ ಪವಾರ್ ಮುಖ್ಯಮಂತ್ರಿಯಾದರು. ಕಾಂಗ್ರೆಸ್ಸಿನಿಂದ ಹೊರಬಂದವರು, ಜನತಾ ಪಕ್ಷದವರು ಸೇರಿ ಕಟ್ಟಿದ ಕೂಟ ಅದು. ಒಂಬತ್ತೇ ದಿನಕ್ಕೆ ನಾಮಾಂತರದ ಠರಾವು ಬಂತು. ಆವತ್ತೇ ಔರಂಗಾಬಾದಿನಲ್ಲಿ ವಿರೋಧ ಶುರುವಾಯಿತು. ಬಸ್ಸು, ರೈಲು ನಿಂತವು. ಟೆಲಿಫೋನ್ ತಂತಿ ಕತ್ತರಿಸಿದರು. ಪೇಟೆಯಲ್ಲಿ ಶುರುವಾದ ಗಲಭೆ ಹಳ್ಳಿಗೆ ಹಬ್ಬಿದ ಮೇಲೆ ಅದರ ರೂಪವೇ ಬದಲಾಯಿತು. ನಾಂದೇಡ್, ಪರಭಣಿ ಜಿಲ್ಲೆಗಳಲ್ಲಿ ತೀರಾ ಜಾಸ್ತಿ. ಗುಡಿಸಲುಗಳಿಗೆ ಬೆಂಕಿ ಇಟ್ಟರು. ಬಾವಿಗಳನ್ನು ಕೆಡಿಸಿದರು. ಹೆಂಗಸರ ಮೇಲೆ ಕೈ ಮಾಡಿದರು. ಕೂಲಿ ಬಂದ್, ಅಂಗಡಿಯಲ್ಲಿ ಸಾಮಾನು ಬಂದ್. ಸುಮಾರು 1,200 ಹಳ್ಳಿಗಳಿಗೆ ಇದು ತಟ್ಟಿತು, ಸಾವಿರಾರು ಮಂದಿ ಮನೆಮಠ ಬಿಟ್ಟು ಓಡಿದರು ಎಂಬುದು ಸಾಮಾನ್ಯವಾಗಿ ಹೇಳುವ ಅಂದಾಜು.

ನಾಂದೇಡ್ ಜಿಲ್ಲೆಯ ಟೆಂಭುರ್ಣಿ ಗ್ರಾಮದಲ್ಲಿ ಪೋಚಿರಾಮ್ ಕಾಂಬಳೆಯವರನ್ನು ಜೀವಂತ ಸುಟ್ಟರು. ಅವರು ಮಾತಂಗ ಜಾತಿಯವರು. ಗಲಭೆಕೋರರು ಮುಖ್ಯವಾಗಿ ಗುರಿ ಇಟ್ಟದ್ದು ಬೌದ್ಧರಾದ ಮಹಾರರನ್ನು, ಉಳಿದ ದಲಿತ ಜಾತಿಗಳನ್ನು ಬಹುಮಟ್ಟಿಗೆ ಬಿಟ್ಟಿದ್ದರು. ಸುಮ್ಮನಿದ್ದಿದ್ದರೆ ಪೋಚಿರಾಮ್ ಉಳಿಯುತ್ತಿದ್ದರೇನೋ. ಅವರು ಜೈ ಭೀಮ್ ಅನ್ನುವುದನ್ನು ಬಿಡಲಿಲ್ಲ ಎಂದು ಜನ ಇಂದಿಗೂ ಹೇಳುತ್ತಾರೆ. ಅವರಿಗೂ ವಿಶ್ವವಿದ್ಯಾಲಯದ ತರಗತಿಗೂ ಏನು ಸಂಬಂಧ? ಅವರಿಗೆ ಅಲ್ಲಿಂದ ಬರಬೇಕಾದ ಸರ್ಟಿಫಿಕೇಟ್ ಯಾವುದೂ ಇರಲಿಲ್ಲ. ಔರಂಗಾಬಾದಿನ ಗೇಟಿನ ಮೇಲಿನ ಹೆಸರಿಗೆ ಬೆಲೆ ತೆತ್ತವರು ಹೆಚ್ಚಿನಂಶ ಇಂಥವರೇ.

ಹಳ್ಳಿ ಯಾಕೆ ಉರಿಯಿತು

ಹೆಸರು ನೆಪ ಮಾತ್ರ ಎಂದು ಹೇಳುವುದು ಸುಲಭ. ನಾನು ಹಾಗೆ ಹೇಳುವುದಿಲ್ಲ. ಹೆಸರು ನಿಜವಾಗಿಯೂ ಕೆಣಕಿತು. ಯಾಕೆಂದರೆ ಆ ಹೊತ್ತಿಗೆ ಹಳ್ಳಿಯಲ್ಲಿ ಮೂರು ಬಗೆಯ ಸಿಟ್ಟು ಒಟ್ಟಿಗೆ ಕುದಿಯುತ್ತಿತ್ತು.

ಮೊದಲನೆಯದು ಚಾಕರಿಯದ್ದು. ಬೌದ್ಧ ಧಮ್ಮಕ್ಕೆ ಮತಾಂತರವಾದ ನಂತರ ದಲಿತರು ಊರಿನ ಹಳೆಯ ಕೆಲಸಗಳನ್ನು ಒಂದೊಂದಾಗಿ ಬಿಟ್ಟರು. ಕೂಲಿ ಎಷ್ಟು ಎಂದು ಕೇಳಲು ಶುರು ಮಾಡಿದರು. ಊರ ಗಾಯರಾಣದಲ್ಲಿ, ಅಂದರೆ ಗೋಮಾಳದಲ್ಲಿ, ಉಳುಮೆ ಮಾಡಿದರು. ಜಮೀನಿದ್ದವರ ಕಣ್ಣಿಗೆ ಇದು ಹದ್ದು ಮೀರಿದ ವರ್ತನೆ. ಎರಡನೆಯದು ನೌಕರಿಯದ್ದು. ಮರಾಠವಾಡದಲ್ಲಿ ಕಾರ್ಖಾನೆ ಕಡಿಮೆ, ಓದಿದ ಹುಡುಗರು ಜಾಸ್ತಿ. 1974ರಲ್ಲಿ ಅಲ್ಲಿನ ವಿದ್ಯಾರ್ಥಿಗಳು ತಮ್ಮ ಪ್ರದೇಶದ ಅಭಿವೃದ್ಧಿಗಾಗಿ ದೊಡ್ಡ ಚಳವಳಿಯನ್ನೇ ಮಾಡಿದ್ದರು. ಅದರಿಂದ ಹೆಚ್ಚೇನೂ ಸಿಗಲಿಲ್ಲ. ಮೀಸಲಾತಿಯಲ್ಲಿ ನೌಕರಿ ಹಿಡಿದ ಒಬ್ಬ ದಲಿತ ಹುಡುಗ ಊರಿಗೆ ಬಂದರೆ, ನೌಕರಿ ಇಲ್ಲದ ಹತ್ತು ಹುಡುಗರ ಸಿಟ್ಟು ಅವನ ಮೇಲೆ ತಿರುಗುತ್ತಿತ್ತು. ಸರ್ಕಾರದ ಮೇಲೆ ತಿರುಗಬೇಕಾದ ಸಿಟ್ಟು ಅದು.

ಮೂರನೆಯದು ಪ್ರದೇಶದ ಅಭಿಮಾನ. ಇದನ್ನು ಹಗುರಾಗಿ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ನಿಜಾಮನ ವಿರುದ್ಧ ಹೋರಾಡಿದ ಗೋವಿಂದಭಾಯಿ ಶ್ರಾಫ್ ಅವರಂಥ ಹಿರಿಯರು ನಾಮಾಂತರವನ್ನು ವಿರೋಧಿಸಿದರು. ಮರಾಠವಾಡ ಎಂಬ ಹೆಸರಿನ ಹಿಂದೆ ಹೋರಾಟದ ಚರಿತ್ರೆ ಇದೆ, ಅದನ್ನು ಅಳಿಸಬೇಡಿ ಎಂಬುದು ಅವರ ವಾದ. ಈ ವಾದಕ್ಕೆ ಉತ್ತರ ಕೊಡಬಹುದಿತ್ತು. ಎರಡು ಹೆಸರನ್ನೂ ಇಡಬಹುದಿತ್ತು, ಕೊನೆಗೆ ಆದದ್ದೂ ಅದೇ. ಆದರೆ ಸಭ್ಯರ ವೇದಿಕೆಯಲ್ಲಿ ಅಭಿಮಾನವಾಗಿದ್ದದ್ದು ಹಳ್ಳಿಗೆ ಇಳಿಯುವ ಹೊತ್ತಿಗೆ ಬರೀ ಜಾತಿಯಾಗಿತ್ತು. ಗುಡಿಸಲಿಗೆ ಬೆಂಕಿ ಬಿದ್ದ ಮೇಲಾದರೂ ವಿರೋಧದ ಮುಂದಾಳುಗಳು ಎಲ್ಲ ಬಿಟ್ಟು ಆ ಹಳ್ಳಿಗಳಲ್ಲಿ ಹೋಗಿ ನಿಲ್ಲಬೇಕಿತ್ತು ಎಂದು ನನಗೆ ಬಲವಾಗಿ ಅನಿಸುತ್ತದೆ. ಮುಂದೆ ಶಿವಸೇನೆಯೂ ವಿರೋಧಕ್ಕೆ ಇಳಿಯಿತು. ಮನೆಯಲ್ಲಿ ಹಿಟ್ಟಿಲ್ಲದವರಿಗೆ ವಿದ್ಯಾಪೀಠ ಯಾಕೆ ಎಂಬ ಅದರ ಹೀಯಾಳಿಕೆ ಇವತ್ತಿಗೂ ದಲಿತರ ಮನಸ್ಸಿನಲ್ಲಿ ಚುಚ್ಚುತ್ತಿದೆ.

ಆಡಳಿತದ ಲೆಕ್ಕದಲ್ಲಿ ನೋಡಿದರೆ ತಪ್ಪು ಎದ್ದು ಕಾಣುತ್ತದೆ. ಠರಾವು ಅಂದರೆ ಕಾನೂನಲ್ಲ. ಹೆಸರು ಬದಲಾಗಬೇಕಾದರೆ ವಿಶ್ವವಿದ್ಯಾಲಯದ ಕಾಯ್ದೆಗೆ ತಿದ್ದುಪಡಿ ಆಗಬೇಕು. ಸರ್ಕಾರ ಮೊದಲ ಹೆಜ್ಜೆ ಇಟ್ಟು ನಿಂತುಬಿಟ್ಟಿತು. ಹಾಗಾಗಿ ಗಲಭೆ ಮಾಡಿದರೆ ಎರಡನೆಯ ಹೆಜ್ಜೆ ತಡೆಯಬಹುದು ಎಂಬುದು ವಿರೋಧಿಗಳಿಗೆ ಗೊತ್ತಾಯಿತು, ತಡೆದರು ಕೂಡ. ಠರಾವಿಗೆ ಮೊದಲು ಸೂಕ್ಷ್ಮ ತಾಲ್ಲೂಕುಗಳಿಗೆ ಪೊಲೀಸರು ಹೋಗಿರಲಿಲ್ಲ. ದೌರ್ಜನ್ಯ ತಡೆ ಕಾಯ್ದೆ ಬಂದದ್ದು 1989ರಲ್ಲಿ. ಆಗ ಇದ್ದದ್ದು 1955ರ ನಾಗರಿಕ ಹಕ್ಕು ಸಂರಕ್ಷಣಾ ಕಾಯ್ದೆ. ಹೋಟೆಲಿನಲ್ಲಿ ಚಹಾ ಕೊಡದಿದ್ದರೆ ಕೇಸು ಹಾಕಲು ಅದು ಸಾಕಾಗಬಹುದಿತ್ತು, ಇಡೀ ಕೇರಿ ಸುಟ್ಟರೆ ಅದರಿಂದ ಏನೂ ಆಗುತ್ತಿರಲಿಲ್ಲ.

ಬೀದಿಗೆ ಬಂದ ಬೇಡಿಕೆ

ಠರಾವು ಕಪಾಟು ಸೇರಿತು. 1980ರ ಫೆಬ್ರವರಿಯಲ್ಲಿ ಪವಾರ್ ಸರ್ಕಾರವೂ ಹೋಯಿತು. ಆಮೇಲೆ ಬಂದ ಮುಖ್ಯಮಂತ್ರಿಗಳು ಒಬ್ಬರಾದ ಮೇಲೊಬ್ಬರು ಈ ವಿಷಯ ಮುಟ್ಟದೆ ದಾಟಿಸಿದರು.

ಚಳವಳಿ ಮಾತ್ರ ನಿಲ್ಲಲಿಲ್ಲ. 1979ರಲ್ಲಿ ಪ್ರೊ. ಜೋಗೇಂದ್ರ ಕವಾಡೆ ಅವರ ಮುಂದಾಳತ್ವದಲ್ಲಿ ನಾಗಪುರದ ದೀಕ್ಷಾಭೂಮಿಯಿಂದ ಔರಂಗಾಬಾದಿಗೆ ಲಾಂಗ್ ಮಾರ್ಚ್ ಹೊರಟಿತು. 1956ರಲ್ಲಿ ಅಂಬೇಡ್ಕರ್ ಬೌದ್ಧ ಧಮ್ಮ ಸ್ವೀಕರಿಸಿದ ಜಾಗ ಅದು. ನೂರಾರು ಕಿಲೋಮೀಟರು ದೂರದ ನಡಿಗೆ. ದಾರಿಯಲ್ಲೇ ಪೊಲೀಸರು ತಡೆದು ಸಾವಿರಾರು ಜನರನ್ನು ಹಿಡಿದರು. ನಾಗಪುರದ ಸುತ್ತಲಿನ ವಿದರ್ಭದ ಜನ ಮರಾಠವಾಡದ ವಿಶ್ವವಿದ್ಯಾಲಯಕ್ಕಾಗಿ ನಡೆದದ್ದು ಈ ಪ್ರಕರಣದಲ್ಲಿ ದೊಡ್ಡ ತಿರುವು. ಅಲ್ಲಿಂದ ಮುಂದೆ ಇದು ಒಂದು ಕ್ಯಾಂಪಸ್ಸಿನ ವಿಷಯವಾಗಿ ಉಳಿಯಲಿಲ್ಲ.

ದಲಿತೇತರರಲ್ಲೂ ಜೊತೆ ನಿಂತವರಿದ್ದರು. ಸಮಾಜವಾದಿಗಳು, ಬಾಬಾ ಆಢಾವರಂಥ ಕಾರ್ಮಿಕ ನಾಯಕರು ಸತ್ಯಾಗ್ರಹದಲ್ಲಿ ಸೇರಿದರು. ವಾಮನದಾದಾ ಕರ್ಡಕರಂಥ ಹಾಡುಗಾರರು ಹಳ್ಳಿ ಹಳ್ಳಿಗೆ ಅಂಬೇಡ್ಕರರನ್ನು ಮುಟ್ಟಿಸಿದರು. ವರ್ಷ ವರ್ಷವೂ ಮೋರ್ಚಾ, ಜೈಲು, ಮತ್ತೆ ಮೋರ್ಚಾ. 1993ರಲ್ಲಿ ನಾಂದೇಡಿನಲ್ಲಿ ಪ್ಯಾಂಥರ್ ಕಾರ್ಯಕರ್ತ ಗೌತಮ ವಾಘಮಾರೆ ಮೈಗೆ ಬೆಂಕಿ ಹಚ್ಚಿಕೊಂಡು ಪ್ರಾಣ ಬಿಟ್ಟರು. ಪ್ರಾಣ ಕೊಡುವವರೆಗೆ ಕಾಯಿಸಿದ ಸರ್ಕಾರಗಳ ಮೇಲೆ ನನಗೆ ಇಂದಿಗೂ ಕೋಪ ಬರುತ್ತದೆ.

1994ರ ಸಂಕ್ರಾಂತಿ

1993ರಲ್ಲಿ ಶರದ್ ಪವಾರ್ ಮತ್ತೆ ಮುಖ್ಯಮಂತ್ರಿಯಾಗಿ ಮುಂಬೈಗೆ ಮರಳಿದ್ದರು. ಠರಾವು ಮಾಡಿದವರೇ ಅದನ್ನು ಜಾರಿ ಮಾಡುವ ಸ್ಥಾನಕ್ಕೆ ಬಂದರು. ಈ ಸಲ ಕ್ರಮ ಬೇರೆ ಇತ್ತು. ಮೊದಲು ಬಂದೋಬಸ್ತ್, ಆಮೇಲೆ ಘೋಷಣೆ. ಹಳೆಯ ಹೆಸರನ್ನು ತೆಗೆಯಲಿಲ್ಲ, ಮುಂದೆ ಅಂಬೇಡ್ಕರ್ ಹೆಸರನ್ನು ಸೇರಿಸಿದರು: ಡಾ. ಬಾಬಾಸಾಹೇಬ್ ಅಂಬೇಡ್ಕರ್ ಮರಾಠವಾಡ ವಿಶ್ವವಿದ್ಯಾಲಯ. ಸರ್ಕಾರ ಇದನ್ನು ನಾಮಾಂತರ ಎನ್ನದೆ ನಾಮವಿಸ್ತಾರ ಎಂದಿತು. ಜನವರಿ 14, ಎಳ್ಳು ಬೆಲ್ಲ ಹಂಚುವ ದಿನ. ಅಲ್ಲಲ್ಲಿ ಗಲಾಟೆ ಆಯಿತು, ಆದರೆ 1978 ಮರುಕಳಿಸಲಿಲ್ಲ.

ಎರಡು ಹೆಸರನ್ನು ಜೋಡಿಸಿದ್ದು ರಾಜಿ ಎಂದು ಚಳವಳಿಯ ಕೆಲವರು ಬೇಸರಪಟ್ಟರು. ನನಗೆ ಆ ಜೋಡಣೆ ತಪ್ಪು ಅನಿಸುವುದಿಲ್ಲ. ನಿಜಾಮನಿಂದ ಬಿಡುಗಡೆಯಾದ ನಾಡಿನ ಹೆಸರು, ಆ ನಾಡಿನ ಕೊನೆಯ ಮನುಷ್ಯನಿಗೆ ಕಾಲೇಜು ಕೊಟ್ಟವರ ಹೆಸರು, ಎರಡೂ ಒಂದೇ ಫಲಕದಲ್ಲಿ ಇರಬಹುದು. ನನ್ನ ತಕರಾರು ಬೇರೆ. ಇದೇ ಸೂತ್ರ 1978ರಲ್ಲೇ ಯಾರ ತಲೆಗೂ ಬಾರದಷ್ಟು ಕಷ್ಟದ್ದೇನೂ ಅಲ್ಲ, ಅಲ್ವಾ? ಮೊದಲು ಬಂದೋಬಸ್ತ್ ಎನ್ನುವುದೂ ಆಗಲೇ ಸಾಧ್ಯವಿತ್ತು. ಪೋಚಿರಾಮ್ ಸತ್ತದ್ದು ಠರಾವಿನ ಮೊದಲ ದಿನವೇ ಅಲ್ಲ, ಆಗಸ್ಟ್ ಬಂದಿತ್ತು. ಪೊಲೀಸರು ಟೆಂಭುರ್ಣಿ ತಲುಪಲು ಸಮಯವಿತ್ತು.

ರಾಜಕೀಯವಾಗಿ ಪವಾರ್ ಬೆಲೆ ತೆತ್ತರು ಎನ್ನುವ ಮಾತಿದೆ. 1995ರ ಚುನಾವಣೆಯಲ್ಲಿ ಶಿವಸೇನೆ ಮತ್ತು ಬಿಜೆಪಿ ಅಧಿಕಾರಕ್ಕೆ ಬಂದವು. ಸೋಲಿಗೆ ನಾಮವಿಸ್ತಾರ ಒಂದೇ ಕಾರಣವಲ್ಲ. ಆದರೆ ಬಂದ ಹೊಸ ಸರ್ಕಾರವೂ ಹೆಸರನ್ನು ತೆಗೆಯಲು ಹೋಗಲಿಲ್ಲ. ಒಮ್ಮೆ ಕಾನೂನಾದ ಮೇಲೆ ಯಾರೂ ಅದನ್ನು ಮುಟ್ಟಲಿಲ್ಲ ಎನ್ನುವುದು 1978ರ ಹಿಂಜರಿಕೆ ಎಷ್ಟು ಅನವಶ್ಯಕವಾಗಿತ್ತು ಎನ್ನುವುದಕ್ಕೆ ಸಾಕ್ಷಿ.

ಆಮೇಲೆ

ಈಗ ಪ್ರತಿ ಜನವರಿ 14ರಂದು ವಿಶ್ವವಿದ್ಯಾಲಯದ ಮಹಾದ್ವಾರಕ್ಕೆ ಮರಾಠವಾಡ, ವಿದರ್ಭದ ಮೂಲೆಮೂಲೆಯಿಂದ ಜನ ಬರುತ್ತಾರೆ. ನೀಲಿ ಬಾವುಟ, ಭೀಮಗೀತೆ, ಪುಸ್ತಕದ ಅಂಗಡಿಗಳು. ಬರುವವರಲ್ಲಿ ಬಹಳ ಮಂದಿ ಆ ವಿಶ್ವವಿದ್ಯಾಲಯದಲ್ಲಿ ಓದಿದವರಲ್ಲ. ಗೇಟಿಗೆ ಕೈಮುಗಿದು, ಸತ್ತವರಿಗೆ ಹೂವಿಟ್ಟು, ಮಕ್ಕಳಿಗೆ ತೋರಿಸಿ ಹೋಗುತ್ತಾರೆ. ವಿಶ್ವವಿದ್ಯಾಲಯದ ಸಮುದಾಯ ಅಂದರೆ ಯಾರು ಎಂಬ ಪ್ರಶ್ನೆಗೆ ಈ ಜನಸಂದಣಿಯನ್ನು ಬಿಟ್ಟು ಉತ್ತರ ಹೇಳಲು ಬರುವುದಿಲ್ಲ. ದಾಖಲಾತಿ ಪುಸ್ತಕದಲ್ಲಿ ಹೆಸರಿದ್ದವರು ಮಾತ್ರ ಸಮುದಾಯ ಎನ್ನುವುದಾದರೆ ಈ ಹೆಸರು ಬರುತ್ತಲೇ ಇರಲಿಲ್ಲ. 2023ರಲ್ಲಿ ಊರಿನ ಹೆಸರೇ ಛತ್ರಪತಿ ಸಂಭಾಜಿನಗರ ಎಂದು ಬದಲಾಯಿತು. ವಿಶ್ವವಿದ್ಯಾಲಯದ ಹೆಸರು ಹಾಗೆಯೇ ಇದೆ.

ಈ ಪ್ರಕರಣದಲ್ಲಿ ಕಡಿಮೆ ಚರ್ಚೆಯಾದ ಒಂದು ಭಾಗ ಉಳಿದಿದೆ. ನಾಮವಿಸ್ತಾರ ಆದ ಎಂಟೇ ತಿಂಗಳಿಗೆ, 1994ರ ಸೆಪ್ಟೆಂಬರ್ 17ರಂದು, ವಿಶ್ವವಿದ್ಯಾಲಯವನ್ನು ಒಡೆದು ನಾಂದೇಡಿನಲ್ಲಿ ಹೊಸದೊಂದನ್ನು ಮಾಡಿದರು. ಸೆಪ್ಟೆಂಬರ್ 17 ಹೈದರಾಬಾದ್ ವಿಮೋಚನೆಯ ದಿನ, ಕಲಬುರಗಿಯಲ್ಲೂ ಬಾವುಟ ಹಾರುವ ದಿನ. ಹೊಸ ವಿಶ್ವವಿದ್ಯಾಲಯಕ್ಕೆ ಇಟ್ಟದ್ದು ಆ ವಿಮೋಚನೆಯ ನಾಯಕ ಸ್ವಾಮಿ ರಾಮಾನಂದ ತೀರ್ಥರ ಹೆಸರು. ಅವರು ಹುಟ್ಟಿದ್ದು ನಮ್ಮ ವಿಜಯಪುರ ಜಿಲ್ಲೆಯ ಸಿಂದಗಿಯಲ್ಲಿ. ದೊಡ್ಡ ಮನುಷ್ಯರು, ಆ ಗೌರವಕ್ಕೆ ಎಲ್ಲ ರೀತಿಯಲ್ಲೂ ಅರ್ಹರು. ಅವರ ಹೆಸರಿಗೆ ಯಾರೂ ತಕರಾರು ಮಾಡಲಿಲ್ಲ, ಒಂದು ಗುಡಿಸಲೂ ಸುಡಲಿಲ್ಲ.

ಆದರೆ ನಾಂದೇಡ್, ಪರಭಣಿ ಜಿಲ್ಲೆಗಳು ಆ ಹೊಸ ವಿಶ್ವವಿದ್ಯಾಲಯದ ಪಾಲಿಗೆ ಹೋದವು. ಅಂಬೇಡ್ಕರ್ ಹೆಸರಿಗಾಗಿ ಅತಿ ಹೆಚ್ಚು ಏಟು ತಿಂದ ಹಳ್ಳಿಗಳು ಇರುವುದು ಅಲ್ಲೇ. ಪೋಚಿರಾಮ್ ಕಾಂಬಳೆಯವರ ಟೆಂಭುರ್ಣಿ ಅಲ್ಲಿದೆ, ಗೌತಮ ವಾಘಮಾರೆ ಉರಿದುಹೋದ ಪೇಟೆಯೂ ಅಲ್ಲಿದೆ. ಅಲ್ಲಿನ ಕಾಲೇಜಿನಲ್ಲಿ ಡಿಗ್ರಿ ಮುಗಿಸುವ ಹುಡುಗ ಹುಡುಗಿಯರ ಪದವಿ ಪತ್ರದ ಮೇಲೆ ಅಂಬೇಡ್ಕರ್ ಹೆಸರು ಇರುವುದಿಲ್ಲ. ಒಡೆಯುವುದಕ್ಕೆ ಆಡಳಿತದ ಕಾರಣಗಳು ಇದ್ದವು, ಔರಂಗಾಬಾದ್ ಆ ಜಿಲ್ಲೆಗಳಿಗೆ ನಿಜಕ್ಕೂ ದೂರ. ಆದರೂ ನಾಮಾಂತರದ ಚರಿತ್ರೆ ಬರೆಯುವವರು ಈ ಭಾಗವನ್ನು ಅಡಿಟಿಪ್ಪಣಿಗೆ ತಳ್ಳಬಾರದು. ನಾಂದೇಡಿನ ವಿಶ್ವವಿದ್ಯಾಲಯವೂ ಪೋಚಿರಾಮ್ ಮತ್ತು ಗೌತಮರನ್ನು ತನ್ನ ಚರಿತ್ರೆಯ ಜನ ಎಂದು ಪಠ್ಯದಲ್ಲಿ, ಗ್ರಂಥಾಲಯದಲ್ಲಿ, ಸಂಶೋಧನೆಯಲ್ಲಿ ಸೇರಿಸಿಕೊಳ್ಳಬೇಕು. ಆ ಹಳ್ಳಿಗಳ ಹಿರಿಯರ ಹೇಳಿಕೆಗಳನ್ನು ಈಗಲೇ ದಾಖಲಿಸಬೇಕು. 1978ರಲ್ಲಿ ಇಪ್ಪತ್ತರ ಹರೆಯದಲ್ಲಿದ್ದವರಿಗೆ ಈಗ ಎಪ್ಪತ್ತರ ಹತ್ತಿರ.